ಮಾಸೂರು ಫೀಡರಿನ ಮುನಿಸು

ಬೆಳಿಗ್ಗೆ ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ ಮಾಸೂರು ಫೀಡರ್, ಅಂದರೆ ಮಾಸೂರಿನ ಕಡೆ ಕರೆಂಟು ಒಯ್ಯುವ ಲೈನು, ಟ್ರಿಪ್ ಆಯಿತು.

ಆ ಹೊತ್ತಿನಲ್ಲಿ ಹಿರೇಕೆರೂರು ಸಬ್‌ಸ್ಟೇಶನ್ನಿನ ಆಪರೇಟರ್ ಮಧ್ವೇಶ ಕಟಗೇರಿ ತನ್ನ ಜಾಗದಲ್ಲಿ ಇರಲಿಲ್ಲ. ಅಂದು ಅವನ ಪಾಳಿಯಲ್ಲ. ಮಾಸೂರು ರಸ್ತೆಯ ಮೇಲೆ ಪರಮೇಶಪ್ಪ ಸಾವ್ಕಾರರು ಕಟ್ಟಿಸಿದ ಹೊಸ ಹತ್ತಿ ಗಿರಣಿಯ ಉದ್ಘಾಟನೆಯಲ್ಲಿ, ಐದನೆಯ ಸಾಲಿನ ತಗಡಿನ ಕುರ್ಚಿಯ ಮುಂದೆ, ತೋರುಬೆರಳು ಮೇಲೆತ್ತಿಕೊಂಡು ಅವನು ನಿಂತಿದ್ದ. ಮುಂದೆ ನಡೆದ ಅನಾಹುತಕ್ಕೆಲ್ಲ ಜನ ಕರೆಂಟನ್ನು ದೂರಲಿಲ್ಲ, ಆ ಬೆರಳನ್ನು ದೂರಿದರು.

ಬೆರಳು ಮೇಲೇರಿದ್ದಕ್ಕೆ ಒಂದು ಸಣ್ಣ ಇತಿಹಾಸವಿದೆ. ಎಂಬತ್ತನಾಲ್ಕನೆಯ ಇಸವಿಯ ಫೆಬ್ರುವರಿ. ಹಿಂದಿನ ಸಂಜೆ ಮಧ್ವೇಶ ತನ್ನ ಮದುವೆಯ ಉಣ್ಣೆಯ ಕೋಟನ್ನು ಟ್ರಂಕಿನಿಂದ ತೆಗೆದು ಹೆಂಡತಿ ವಿಮಲಾಬಾಯಿಯ ಕೈಗೆ ಕೊಟ್ಟಿದ್ದ.

"ಇಸ್ತ್ರಿ ಮಾಡಿಡು. ನಾಳೆ ಸ್ಟೇಜಿನ ಮ್ಯಾಲೆ ಕೂಡಬೇಕಾಗ್ತದ."

"ಕರದಾರೇನು?"

"ಕರಿಯೋದೇನದ ಅದರಾಗ? ಗಿರಣಿ ತಿರಗೋದು ಕರೆಂಟಿನ ಮ್ಯಾಲೆ. ಕರೆಂಟ್ ಕೊಡಾಂವ ನಾನು. ಇಡೀ ಮಾಸೂರು ನನ್ನ ಬೆರಳಿನ ತುದಿಗೆ ಅದ, ಗೊತ್ತದ ಏನು?"

"ಬೆರಳಿನ ಸುದ್ದಿ ಬ್ಯಾಡ್ರಿ. ಮೊನ್ನೆ ನಮ್ಮನಿ ಫ್ಯೂಜ್ ಹೋದಾಗ ಬಾಜೂಮನಿ ಹಾಲವ್ವನ ಅಳಿಯನ್ನ ಕರಿಸಿದ್ರಿ."

"ಅದು ಸಣ್ಣ ಕರೆಂಟು. ನಂದು ದೊಡ್ಡ ಕರೆಂಟು" ಎಂದು ಮಧ್ವೇಶ ಚರ್ಚೆ ಮುಗಿಸಿದ.

ಮರುದಿನ ವೇದಿಕೆಯ ಮೇಲೆ ಅವನಿಗೆ ಕುರ್ಚಿ ಇರಲಿಲ್ಲ. ಮೊದಲ ಸಾಲಿನಲ್ಲಿಯೂ ಇರಲಿಲ್ಲ. ಉಣ್ಣೆಯ ಕೋಟಿನೊಳಗೆ ಬೇಯುತ್ತ ಅವನು ಐದನೆಯ ಸಾಲಿನಿಂದ ಸನ್ಮಾನ ನೋಡಿದ. ಜಿಲ್ಲೆಯ ಮುಖಂಡರಿಗೆ ಹಾರ, ಶಾಲು, ಕಾಯಿ. ಬ್ಯಾಂಕಿನ ಮ್ಯಾನೇಜರರಿಗೆ ಹಾರ, ಶಾಲು. ಬೀಜದ ಅಂಗಡಿಯವರಿಗೆ ಹಾರ. ಗಿರಣಿಯ ಬೋರ್ಡು ಬರೆದ ಪೇಂಟರನಿಗೂ ಹಾರ. ಕಡೆಗೆ ಧ್ವನಿವರ್ಧಕದಲ್ಲಿ, "ಇನ್ನು ವಿದ್ಯುತ್ ಇಲಾಖೆಯ ಪರವಾಗಿ..." ಎಂದು ಕೇಳಿಸಿತು. ಮಧ್ವೇಶ ಕೋಟಿನ ಗುಂಡಿ ಹಾಕಿಕೊಂಡು ಏಳತೊಡಗಿದ.

"...ಲೈನ್‌ಮನ್ ಮೆಹಬೂಬ ಅವರು!"

ಅರ್ಧ ಎದ್ದವನು ಮತ್ತೆ ಕುಳಿತರೆ ಐದನೆಯ ಸಾಲು ನಗುತ್ತದೆ. ಆದ್ದರಿಂದ ಮಧ್ವೇಶ ಪೂರ್ತಿ ಎದ್ದ. ಎದ್ದವನು ಏನಾದರೂ ಮಾಡಲೇಬೇಕಲ್ಲ, ಬೆರಳೆತ್ತಿ ಪಕ್ಕದವನಿಗೆ ಹೇಳಿದ: "ತಿರುಗಸ್ರಿ, ತಿರುಗಸ್ರಿ! ಕರೆಂಟ್ ಹೆಂಗ ಬರ್ತದ ನಾನೂ ನೋಡ್ತೀನಿ!"

ಪಕ್ಕದವನಿಗೆ ಮಾತ್ರ ಹೇಳಿದ್ದು. ಆದರೆ ಬ್ಯಾಂಡಿನವರು ಆ ಕ್ಷಣಕ್ಕೇ ಬಾರಿಸುವುದನ್ನು ನಿಲ್ಲಿಸಿದ್ದರು. ಮಾತು ವೇದಿಕೆಗೆ ಮುಟ್ಟಿತು. ಮುಖಂಡರು ರಿಬ್ಬನ್ ಕತ್ತರಿಸಿದರು. ಐದು ಮಂದಿ ಐದು ಯಂತ್ರಗಳ ಗುಂಡಿಯನ್ನು ಒಮ್ಮೆಲೇ ಒತ್ತಿದರು, ಸಾವ್ಕಾರರಿಗೆ ಹಾಗೆಯೇ ಬೇಕಾಗಿತ್ತು, ವೈಭವ ಇರಲೆಂದು. ಯಂತ್ರಗಳು ಹೂಂಕರಿಸಿದವು. ನಾಲ್ಕು ಉಸಿರಿನ ಹೊತ್ತು ನೆಲ ನಡುಗಿತು. ಆಮೇಲೆ ಎಲ್ಲವೂ ನಿಂತಿತು. ಧ್ವನಿವರ್ಧಕ ಸತ್ತಿತು, ಫ್ಯಾನು ನಿಂತಿತು, ಮುಖಂಡರ ಕೈಯ ಕತ್ತರಿಯೊಂದೇ ಇನ್ನೂ ಆಡುತ್ತಿತ್ತು.

ಸಭೆಗೆ ಸಭೆಯೇ ತಿರುಗಿ ಬೆರಳನ್ನು ನೋಡಿತು. ಮಧ್ವೇಶ ಅದನ್ನು ನಿಧಾನವಾಗಿ ಕೆಳಗಿಳಿಸಿ ಕೋಟಿನ ಜೇಬಿನಲ್ಲಿ ಅಡಗಿಸಿದ. ಕದ್ದ ಮಾಲು ಬಚ್ಚಿಡುವವನ ಹಾಗೆ ಕಂಡಿತು.

ವಾಸ್ತವ ಸಂಗತಿ ಹೀಗಿದೆ. ಮದಗದ ಕೆರೆಯ ಕೆಳಗಿನ ಪಂಪುಸೆಟ್ಟುಗಳಿಂದ ಮಾಸೂರು ಫೀಡರ್ ಮೊದಲೇ ತುಂಬಿ ನಿಂತಿತ್ತು. ದೊಡ್ಡ ಮೋಟರು ತಿರುಗತೊಡಗುವಾಗ ತಿರುಗುವಾಗಿನದಕ್ಕಿಂತ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಅಂಥ ಐದು ಕೂಡಿ ಎಳೆದವು. ಸಬ್‌ಸ್ಟೇಶನ್ನಿನ ಪ್ಯಾನೆಲಿನ ಮೇಲೆ ಗಾಜಿನ ಮುಚ್ಚಳದ ಕಪ್ಪು ಡಬ್ಬಿಯೊಂದಿದೆ, ಅದೇ ರಿಲೇ. ಅದರೊಳಗಿನ ತಟ್ಟೆ ತಿರುಗಿತು. ಕರೆಂಟು ಹೆಚ್ಚಿದಷ್ಟೂ ತಟ್ಟೆ ಬೇಗ ತಿರುಗುತ್ತದೆ. ತಿರುಗಿ ಮುಗಿದಾಗ ಎರಡು ಸಣ್ಣ ಲೋಹದ ತುದಿಗಳು ಒಂದನ್ನೊಂದು ಮುಟ್ಟಿದವು. ರಿಲೇ ಮಾಡುವುದು ಇಷ್ಟೇ. ಅದು ತಾನಾಗಿ ಯಾವ ತಂತಿಯನ್ನೂ ಕಡಿಯುವುದಿಲ್ಲ. ತುದಿಗಳು ಮುಟ್ಟಿದರೆ ಬ್ಯಾಟರಿ ಕೋಣೆಯ ಕರೆಂಟು ಹರಿದು ಅಂಗಳದಲ್ಲಿರುವ, ಲೈನು ಕಡಿಯುವ ಬ್ರೇಕರಿಗೆ ಹೋಗುತ್ತದೆ, ಬ್ರೇಕರ್ ಧಡ್ ಎಂದು ತೆರೆದುಕೊಳ್ಳುತ್ತದೆ. ಅದೇ ರಿಲೇಯ ಇನ್ನೊಂದು ಜೋಡಿ ತುದಿ ಗಂಟೆ ಬಾರಿಸುತ್ತದೆ. ಬ್ರೇಕರ್ ತೆರೆಯುವುದಕ್ಕೆ ಆಪರೇಟರನ ಅಪ್ಪಣೆ ಬೇಕಿಲ್ಲ. ಗಂಟೆ ನಿಲ್ಲಿಸುವುದಕ್ಕೆ ಬೇಕು. ಸರಕಾರ ಮಧ್ವೇಶನಿಗೆ ಸಂಬಳ ಕೊಡುತ್ತಿದ್ದುದು ಹೆಚ್ಚಾಗಿ ಈ ಎರಡನೆಯ ಕೆಲಸಕ್ಕೆ.

ಇದು ಮಧ್ವೇಶನಿಗೆ ಗೊತ್ತಿತ್ತು. ಹೇಳುವ ಅವಕಾಶವೂ ಸಿಕ್ಕಿತು. ಅಂದು ಗಿರಣಿ ಇನ್ನೆರಡು ಸಲ ಹೂಂಕರಿಸಿ ಎರಡು ಸಲವೂ ನಿಂತ ಮೇಲೆ, ಸಂಜೆಗೆ ಪರಮೇಶಪ್ಪ ಸಾವ್ಕಾರರು ಖುದ್ದು ಅವನ ಕ್ವಾರ್ಟರ್ಸಿಗೆ ಬಂದರು. ಹಿಂದೆ ಗಿರಣಿಯ ಫಿಟ್ಟರ್ ಕರೀಮಸಾಬ ಹಾರ, ಶಾಲು, ಕಾಯಿ ಇದ್ದ ತಾಟು ಹಿಡಿದು ನಿಂತಿದ್ದ.

"ತಪ್ಪಾತ್ರಿ ಆಚಾರ್ರ. ಪೇಂಟರಗ ಹಾಕಿದ್ವಿ, ನಿಮ್ಮನ್ನ ಮರತ್ವಿ. ಸಿಟ್ಟ ಬಿಡ್ರಿ."

"ಅಯ್ಯ, ನಾ ಏನೂ ಮಾಡಿಲ್ಲರೀ ಸಾವ್ಕಾರ್ರ. ಅದು ರಿಲೇ ಮಾಡಿದ್ದು."

"ರಿಲೇ ಅಂದ್ರ ಯಾರ್ರಿ? ಎಲ್ಲಿಯವರು? ಅವರಿಗೂ ಒಂದು ಶಾಲು ತರಸ್ತೇನಿ. ಕರೀಮ, ಇನ್ನೊಂದು ಕಾಯಿ ಐತೇನೋ?"

"ಹಂಗಲ್ಲರೀ, ಅದು ಒಂದು ಡಬ್ಬಿ..."

"ಆಚಾರ್ರ," ಸಾವ್ಕಾರರು ಧ್ವನಿ ತಗ್ಗಿಸಿದರು, "ನೀವು ಬೆರಳ ಎತ್ತಿದ್ದು ನಾ ನೋಡೇನಿ. ಮುಖಂಡರು ನೋಡ್ಯಾರ. ಊರ ಮಂದಿ ನೋಡೇತಿ. ಡಬ್ಬಿ ಮ್ಯಾಲ ಹಾಕಬ್ಯಾಡ್ರಿ. ಬರ್ರಿ, ಗಿರಣಿಗೆ ಹೋಗೂಣು."

ಮಧ್ವೇಶ ಒಮ್ಮೆ ಶಾಲಿನತ್ತ ನೋಡಿದ. ಶಾಲು ಚೆನ್ನಾಗಿತ್ತು. ಅವನು ಕೋಟು ಹಾಕಿಕೊಂಡ.

ಗಿರಣಿಯಲ್ಲಿ ಅವನನ್ನು ಹತ್ತಿಯ ಅಂಡಿಗೆಯ ಮೇಲೆ ಕುಳ್ಳಿರಿಸಿ ಸನ್ಮಾನ ಮಾಡಿದರು. ಯಂತ್ರಗಳ ಮುಂದೆ ನಿಲ್ಲಬೇಕಾದ ಆಳುಗಳು ಸನ್ಮಾನ ನೋಡಲು ಬಂದುಬಿಟ್ಟಿದ್ದರಿಂದ ಕರೀಮಸಾಬ ಒಬ್ಬನೇ ಒಂದು ಯಂತ್ರ ಹಚ್ಚಿ, ನಡೆದು ಹೋಗಿ ಮತ್ತೊಂದು ಹಚ್ಚಿ, ಹೀಗೆ ಐದನ್ನೂ ಹಚ್ಚಿದ. ಒಂದೊಂದೇ ಹಚ್ಚಿದ್ದರಿಂದ ರಿಲೇಯ ತಟ್ಟೆ ಕದಲಲಿಲ್ಲ. ಗಿರಣಿ ಓಡಿತು. ಹಾರ ಬಿದ್ದ ಮೇಲೆ ಗಿರಣಿ ಓಡಿತು ಎಂಬುದಷ್ಟೇ ಜನಕ್ಕೆ ಕಂಡದ್ದು, ಮತ್ತು ಕಂಡದ್ದು ಸುಳ್ಳೂ ಆಗಿರಲಿಲ್ಲ. ಚಪ್ಪಾಳೆ ಬಿತ್ತು. ಮಧ್ವೇಶ ಕೈ ಮುಗಿದ. ಅಲ್ಲಿಯೇ ಅವನು ತಿದ್ದಿ ಹೇಳಬಹುದಿತ್ತು. ಆದರೆ ಬಾಯಿಯ ತುಂಬ ಪೇಢೆ ಇತ್ತು.

ಅಂದಿನಿಂದ ಓಣಿಯಲ್ಲಿ ಅವನ ನಡಿಗೆ ಬದಲಾಯಿತು. ಮೊದಲು ಗೋಡೆ ಹಿಡಿದು ಹೋಗುತ್ತಿದ್ದವನು ನಟ್ಟನಡು ರಸ್ತೆ ಹಿಡಿದ. ಹಿಟ್ಟಿನ ಗಿರಣಿಯ ಅಡಿವೆವ್ವ ಬೆಳಿಗ್ಗೆ ಮೊಸರಿನ ಗಡಿಗೆ ತಂದು ಕಟ್ಟೆಯ ಮೇಲೆ ಇಟ್ಟಳು.

"ಯಪ್ಪಾ, ಜ್ವಾಳ ಬೀಸೂ ಹೊತ್ತಿಗೆ ಕರೆಂಟ್ ತಗೀಬ್ಯಾಡ. ನಿನ್ನ ಕೈಯಾಗ ಐತಿ."

ಮಧ್ವೇಶ ಕಣ್ಣು ಅರೆಮುಚ್ಚಿ, "ನೋಡೋಣ" ಎಂದ.

ಇದು ಸರಕಾರಿ ಕನ್ನಡದಲ್ಲಿ ಅತ್ಯಂತ ಬಲವುಳ್ಳ ಶಬ್ದ. ಇದರಲ್ಲಿ ಹೌದೂ ಇಲ್ಲ, ಅಲ್ಲವೂ ಇಲ್ಲ. ಆದರೆ ಕೇಳಿದವನು ಮತ್ತೆ ಬರುತ್ತಾನೆ. ಮಧ್ಯಾಹ್ನ ಹಾಲವ್ವ ಬಂದಳು. ಅವಳ ಬೇಡಿಕೆ ತಿರುವುಮುರುವು.

"ನಮ್ಮ ಸೊಸಿ ಇಡೀ ದಿನ ರೇಡಿಯೋ ಮುಂದ ಕುಂದ್ರತಾಳ. ರೊಟ್ಟಿ ಹೊತ್ತಿಗೆ ನಮ್ಮನಿ ಕರೆಂಟ್ ಅಷ್ಟ ತಗೀರಿ. ಬಾಜೂಮಂದಿದು ಇರ್ಲಿ."

"ನೋಡೋಣ."

"ರೇಡಿಯೋ ಸೆಲ್ಲಿನ ಮ್ಯಾಲೆ ನಡೀತದಲ್ಲ ಹಾಲವ್ವಾ" ಎಂದು ವಿಮಲಾಬಾಯಿ ಒಳಗಿನಿಂದ ಕೂಗಿದಳು.

"ಆಚಾರ್ರು ಮನಸ ಮಾಡಿದ್ರ ಸೆಲ್ಲೂ ಹೋಗ್ತಾವ ಬಿಡ್ರಿ ಬಾಯಾರ" ಎಂದಳು ಹಾಲವ್ವ, ಪೂರ್ಣ ವಿಶ್ವಾಸದಿಂದ.

ಅವಳು ಹೋದ ಮೇಲೆ ವಿಮಲಾಬಾಯಿ ಹೊರಗೆ ಬಂದು ಗಂಡನ ಮುಂದೆ ನಿಂತಳು. "ಇಲ್ಲಿ ಕೇಳ್ರಿ. ಕರೆಂಟ್ ಹೋದ್ರ ಮನ್ಯಾಗ ಮೊದಲ ಕಂದೀಲು ಹುಡುಕಾವ್ರು ನೀವು. ಮಂದಿಗೆ ಖರೇ ಹೇಳಿಬಿಡ್ರಿ."

"ಹೇಳಿದೆನಲ್ಲ! ನಂಬಲಿಲ್ಲ. ನಂಬಲಿಲ್ಲ ಅಂದ್ರ ನಾ ಏನು ಮಾಡ್ಲಿ, ಮೊಸರು ವಾಪಸ್ ಕಳಿಸ್ಲಿ?"

ಎರಡನೆಯ ವಾರ ಗಿರಣಿಯ ಆಳುಗಳೆಲ್ಲ ತಂತಮ್ಮ ಯಂತ್ರದ ಮುಂದೆ ಹೊತ್ತಿಗೆ ಸರಿಯಾಗಿ ನಿಂತರು, ಸಾವ್ಕಾರರು ಸೀಟಿ ಊದಿದರು, ಐವರೂ ಕೂಡಿ ಗುಂಡಿ ಒತ್ತಿದರು. ಫೀಡರ್ ಟ್ರಿಪ್ ಆಯಿತು. ಸಾವ್ಕಾರರು ವಿಚಾರ ಮಾಡಿದರು: ಮೊದಲಿನ ಶಾಲು ನೂಲಿನದು. ರೇಷ್ಮೆಯದು ಕಳಿಸಿದರು. ಆಳುಗಳು ಮತ್ತೆ ಸನ್ಮಾನಕ್ಕೆ ಹೋದರು, ಕರೀಮಸಾಬ ಮತ್ತೆ ಒಬ್ಬನೇ ಹಚ್ಚಿದ, ಗಿರಣಿ ಮತ್ತೆ ಓಡಿತು. ನಾಲ್ಕು ದಿನಕ್ಕೆ ಮತ್ತೆ ನಿಂತಿತು. ಈಗ ವಿಮಲಾಬಾಯಿಗೊಂದು ಸೀರೆ ಬಂತು. ಅವಳು ಅದನ್ನು ಬಾಗಿಲಿನಿಂದಲೇ ಹಿಂದಿರುಗಿಸಿದಳು. ತಾಟು ಹಿಡಿದು ಮರಳಿದ ಕರೀಮಸಾಬ ಸಾವ್ಕಾರರಿಗೆ, "ಬಾಯಾರಿಗೆ ಬಣ್ಣ ಮನಸಿಗೆ ಬರಲಿಲ್ಲ ಅನಸ್ತೈತ್ರಿ" ಎಂದು ವರದಿ ಕೊಟ್ಟ.

ಸಾವ್ಕಾರರ ತಾಳ್ಮೆ ಅಲ್ಲಿಗೆ ತಪ್ಪಿತು. ಮಾರನೆಯ ದಿನದ ಹಾವೇರಿ ಬಸ್ಸಿಗೆ ಹೋಗಿ ವಿದ್ಯುತ್ ಕಚೇರಿಯಲ್ಲಿ ದೂರು ಕೊಟ್ಟರು: ಹಿರೇಕೆರೂರಿನ ಆಪರೇಟರ್ ಹಾರ ಹಾಕಿಸಿಕೊಂಡು ಕರೆಂಟು ಬಿಡುತ್ತಾನೆ, ಹಾರ ಬಾಡಿದರೆ ತೆಗೆಯುತ್ತಾನೆ.

ಶುಕ್ರವಾರ ಬೆಳಿಗ್ಗೆ ಇಂಜಿನಿಯರ್ ಗುತ್ತಲ ಸಾಹೇಬರ ಜೀಪು ಸಬ್‌ಸ್ಟೇಶನ್ನಿನ ಗೇಟಿನಲ್ಲಿ ನಿಂತಿತು. ಹಿಂದಿನಿಂದ ಸಾವ್ಕಾರರ ಟ್ರ್ಯಾಕ್ಟರು. ಅದರ ತುಂಬ ಸಾಕ್ಷಿಗಳು. ಅಡಿವೆವ್ವ ಸಾಕ್ಷಿಯಾಗಿಯೋ ನೋಡುವುದಕ್ಕೋ ಟ್ರೇಲರಿನಿಂದ ಇಳಿದಳು. ಮಧ್ವೇಶ ಪಾಳಿಯ ಮೇಲಿದ್ದ.

"ಕಟಗೇರಿ, ಸಸ್ಪೆಂಡ್ ಅಂದ್ರ ಗೊತ್ತೈತಿ?" ಸಾಹೇಬರು ಕುಳಿತುಕೊಳ್ಳುವ ಮೊದಲೇ ಕೇಳಿದರು. "ಕ್ವಾರ್ಟರ್ಸ್ ಸುದ್ದಾ ಬಿಡಬೇಕಾಗತೈತಿ. ಶಾಲು ತಗೊಂಡಿರೋ ಇಲ್ಲೋ?"

"ತಗೊಂಡೀನ್ರಿ ಸರ. ಆದ್ರ ಕರೆಂಟ್ ತಗದಿಲ್ಲರೀ. ನಾ ಇಲ್ಲಿ ಏನೂ ಮಾಡೂದಿಲ್ಲರೀ ಸರ! ಎಲ್ಲಾ ರಿಲೇನೇ ಮಾಡ್ತದ. ನಾ ಇದ್ರೂ ಅಷ್ಟ, ಇರದಿದ್ರೂ ಅಷ್ಟ!"

ಸೇವೆಗೆ ಸೇರಿದ ಮೇಲೆ ಮಧ್ವೇಶ ಮೇಲಧಿಕಾರಿಯ ಮುಂದೆ ಆಡಿದ ಮೊದಲ ಪೂರ್ತಿ ಸತ್ಯ ಇದು. ಸಾಕ್ಷಿಗಳು ನಕ್ಕರು. ಮಾಸೂರನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡವನು ಹೀಗೆ ಮಾತಾಡಿದರೆ ಯಾರು ನಂಬುತ್ತಾರೆ?

ಗುತ್ತಲ ಸಾಹೇಬರು ಪರೀಕ್ಷೆಯ ಮನುಷ್ಯ. ಗಿರಣಿಗೆ ಫೋನು ಹಚ್ಚಿಸಿದರು. "ಕರೀಮಸಾಬ ಏನು? ಐದೂ ಮಷೀನಿಗೆ ಒಬ್ಬೊಬ್ಬರನ್ನ ನಿಲ್ಲಸು. ಐದೂ ಕೂಡೇ ಹಚ್ಚಬೇಕು. ಹೂಂ, ನಾ ಹೇಳಾಕತ್ತೇನಿ." ಆಮೇಲೆ ಮಧ್ವೇಶನ ಕಡೆ ತಿರುಗಿದರು. "ನೀವು ಆ ಮೂಲಿಗೆ ನಿಂದರ್ರಿ. ಕೈ ಎರಡೂ ತಲಿ ಮ್ಯಾಲ."

ಮಧ್ವೇಶ ಶಾಲೆಯಲ್ಲಿ ಶಿಕ್ಷೆಗೆ ನಿಲ್ಲುವವರ ಹಾಗೆ ನಿಂತ. ಅಡಿವೆವ್ವ, "ಪಾಪ, ಮುಂಜಾನಿ ಉಂಡಾನೋ ಇಲ್ಲೋ" ಎಂದಳು.

ಎಲ್ಲರೂ ಪ್ಯಾನೆಲಿನ ಮುಂದೆ ಕೂಡಿದರು. ಗಾಜಿನ ಹಿಂದಿನ ತಟ್ಟೆ ಸುಮ್ಮನಿತ್ತು. ಒಮ್ಮೆಲೇ ಕದಲಿತು. ಅವಸರವಿಲ್ಲದೆ, ಊಟವಾದ ಮೇಲೆ ಅಂಗಳದಲ್ಲಿ ಅಡ್ಡಾಡುವವರ ಹಾಗೆ ತಿರುಗಿತು. ತುದಿ ತುದಿಗೆ ಮುಟ್ಟಿತು. ಹೊರಗೆ ಬ್ರೇಕರ್ ಧಡ್ ಎಂದಿತು, ಗಾಜಿನೊಳಗೆ ಟ್ರಿಪ್ ಆದದ್ದನ್ನು ತೋರಿಸುವ ಕೆಂಪು ಫ್ಲ್ಯಾಗ್ ಬಿತ್ತು, ಗಂಟೆ ಬಾರಿಸತೊಡಗಿತು. ಮಧ್ವೇಶನ ಕೈಗಳು ತಲೆಯ ಮೇಲೆಯೇ ಇದ್ದವು.

"ನೋಡಿದ್ರಿ?" ಎಂದರು ಸಾಹೇಬರು. "ಮನಷ್ಯಾ ಮುಟ್ಟಿಲ್ಲ. ನಿಮ್ಮ ಮಷೀನ್ ಐದೂ ಕೂಡೇ ಎಳದ್ವು, ರಿಲೇ ತಗೀತು. ಒಂದೊಂದ ಹಚ್ರಿ, ಮುಗೀತು."

ಸಾವ್ಕಾರರು ಬಾಯಿ ತೆರೆದು ರಿಲೇಯನ್ನು ನೋಡಿದರು, ಮಧ್ವೇಶನನ್ನು ನೋಡಿದರು, ಮತ್ತೆ ರಿಲೇಯನ್ನು ನೋಡಿದರು.

"ಹಂಗಾರ ಈ ಆಚಾರ್ರು ಯಾಕ ಅದಾರ್ರಿ ಇಲ್ಲಿ?"

"ಗಂಟಿ ಬಂದ್ ಮಾಡಾಕ. ಫ್ಲ್ಯಾಗ್ ಎತ್ತಾಕ. ಎಲ್ಲಾ ನೋಡಿಕೊಂಡು ಮತ್ತ ಕರೆಂಟ್ ಹಚ್ಚಾಕ."

"ಅಂದ್ರ ಇಷ್ಟ ದಿನ ನಾ ಹಾರ ತಪ್ಪು ಮನಿಗೆ ಹಾಕೇನಿ!"

ಆರೋಪ ಬಿದ್ದುಹೋಯಿತು. ಮಧ್ವೇಶ ಕೈ ಇಳಿಸಿ, ಗಂಟೆ ನಿಲ್ಲಿಸಿ, ಫ್ಲ್ಯಾಗ್ ಎತ್ತಿ, ಉಸಿರು ಬಿಟ್ಟ. ಈ ಕತೆ ಇಲ್ಲಿಗೆ ಮುಗಿದಿದ್ದರೆ ಎಲ್ಲರಿಗೂ ಒಳ್ಳೆಯದಿತ್ತು. ಆದರೆ ಪರಮೇಶಪ್ಪ ಸಾವ್ಕಾರರು ತಪ್ಪು ಮಾಡಿದರೆ ತಿದ್ದಿಕೊಳ್ಳದೆ ಬಿಡುವವರಲ್ಲ. ಟ್ರ್ಯಾಕ್ಟರಿನಿಂದ ಹಾರ, ಕಾಯಿ ತರಿಸಿದರು. ಹೊಸ ಪರಿಹಾರ ಬೇಕಾದೀತೆಂದು ಅವು ಬರುವಾಗಲೇ ಬಂದಿದ್ದವು.

"ಸಾಹೇಬ್ರ, ರಿಲೇಕ್ಕ ಒಂದು ಹಾರ ಹಾಕೂಣ್ರಿ. ಖರೇ ಅಧಿಕಾರ ಅದರದು."

ಗುತ್ತಲ ಸಾಹೇಬರು ಪ್ರತಿ ವರ್ಷ ಆಯುಧಪೂಜೆಗೆ ಇದೇ ಪ್ಯಾನೆಲಿಗೆ ಕುಂಕುಮ ಹಚ್ಚುವವರು. ಬೇಡವೆನ್ನಲಾಗಲಿಲ್ಲ. "ಹೂಂ, ಲಗೂನ ಮುಗಸ್ರಿ" ಎಂದು ಚಹಾದ ಕಪ್ಪಿಗೆ ಕೈ ಹಾಕಿದರು. ಹಾರ ಹಾಕಿದ್ದರಿಂದ ತೊಂದರೆ ಇರಲಿಲ್ಲ. ಕಾಯಿಯನ್ನು ಹೊರಗಿನ ಹೊಸ್ತಿಲಿಗೆ ಒಡೆಯುವುದು ರೂಢಿ. ಸಾವ್ಕಾರರು ಎದುರಿಗೆ ಕಂಡ ಗಟ್ಟಿ ಜಾಗಕ್ಕೆ, ಅಂದರೆ ಪ್ಯಾನೆಲಿನ ಬುಡದ ಕಬ್ಬಿಣದ ಪಟ್ಟಿಗೆ, ಭಕ್ತಿಯಿಂದ, ಬಲವಾಗಿ, ಒಡೆದರು.

ರಿಲೇಯ ತುದಿಗಳ ನಡುವೆ ಇರುವ ಜಾಗ ಬಹಳ ಸಣ್ಣದು. ಕರೆಂಟು ಹೆಚ್ಚಾದರೂ ಅವು ಕೂಡುತ್ತವೆ. ಪ್ಯಾನೆಲ್ ಅದುರಿದರೂ ಕೂಡುತ್ತವೆ. ಎರಡರ ವ್ಯತ್ಯಾಸ ಬ್ಯಾಟರಿಗೆ ತಿಳಿಯುವುದಿಲ್ಲ. ಈ ಸಲ ಅದುರಿದ್ದು ಪಕ್ಕದ ಇನ್ನೊಂದು ರಿಲೇ, ಇಡೀ ಸ್ಟೇಶನ್ನಿಗೆ ಕರೆಂಟು ತರುವ ಮುಖ್ಯ ಲೈನಿನದು. ಮಾಸೂರು ಮೊದಲೇ ಹೋಗಿತ್ತು, ಈಗ ಹಿರೇಕೆರೂರು, ರಟ್ಟೀಹಳ್ಳಿ ಎಲ್ಲವೂ ಒಟ್ಟಿಗೆ ಹೋದವು. ತಲೆಯ ಮೇಲಿನ ಫ್ಯಾನು ನಿಂತಿತು. ಗಂಟೆಯೊಂದೇ ಬ್ಯಾಟರಿಯ ಮೇಲೆ ಬಡಿದುಕೊಳ್ಳುತ್ತಿತ್ತು. ಸಾವ್ಕಾರರು ಒಡೆದ ಹೋಳು ಎರಡೂ ಕೈಯಲ್ಲಿ ಹಿಡಿದು, "ಪ್ರಸಾದ ಆತಲ್ರೀ" ಎಂದರು.

ಸಾಹೇಬರ ಚಹಾದ ಕಪ್ಪು ತುಟಿಯ ಹತ್ತಿರವೇ ಉಳಿಯಿತು. "ಕಟಗೇರಿ! ಏನ್ ನೋಡಾಕತ್ತೀರಿ? ಮಾಡ್ರಿ ಲಗೂನ!"

ಮಧ್ವೇಶನಿಗೆ ಹತ್ತು ವರ್ಷದಲ್ಲಿ ಇಂಥ ಪ್ರೇಕ್ಷಕರು ಸಿಕ್ಕಿರಲಿಲ್ಲ. ಕಿಟಕಿಯ ತುಂಬ ಮುಖಗಳು. ಅವನು ಗಂಟೆ ನಿಲ್ಲಿಸಿದ. ಫ್ಲ್ಯಾಗ್ ಎತ್ತಿದ. ಮುಖ್ಯ ಬ್ರೇಕರ್ ಕೂಡಿಸಿದ. ಫ್ಯಾನು ತಿರುಗಿತು, ಸಾಕ್ಷಿಗಳು "ಆಹಾ" ಎಂದರು. ಹಿರೇಕೆರೂರು ಹಚ್ಚಿದ. ರಟ್ಟೀಹಳ್ಳಿ ಹಚ್ಚಿದ. ಪ್ರತಿ ಸಲ ಮೊಣಕೈಯನ್ನು ಬೇಕಾದ್ದಕ್ಕಿಂತ ಸ್ವಲ್ಪ ಎತ್ತರ ಮಾಡಿದ. ಕಡೆಗೆ ಮಾಸೂರು ಫೀಡರಿನ ಸ್ವಿಚ್ಚನ್ನು, ಕಿಟಕಿಯ ಕಡೆಗೊಮ್ಮೆ ನೋಡಿ, ತಿರುಗಿಸಿದ.

ಅತ್ತ ಗಿರಣಿಯಲ್ಲಿ ಕರೀಮಸಾಬ ಮತ್ತು ಅವನ ನಾಲ್ವರು ಇನ್ನೂ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದರು. ಐದೂ ಕೂಡೇ ಹಚ್ಚಬೇಕೆಂದು ಇಂಜಿನಿಯರ್ ಸಾಹೇಬರ ಹುಕುಂ ಆಗಿತ್ತು. ಸಾಕು ಎಂದು ಯಾರೂ ಹೇಳಿರಲಿಲ್ಲ. ಹಾಗೆ ಫೋನು ಮಾಡಿ ಹೇಳುವುದು ಫೀಡರ್ ಹಚ್ಚುವ ಮುನ್ನ ಆಪರೇಟರನ ಕೆಲಸ, ಮತ್ತು ಆಪರೇಟರನು ಕಿಟಕಿಯ ಕಡೆ ನೋಡುತ್ತಿದ್ದ. ಕರೆಂಟು ಬಂತು. ಐವರೂ ಒತ್ತಿದರು.

ಮಧ್ವೇಶನ ಕೈ ಇನ್ನೂ ಸ್ವಿಚ್ಚಿನ ಮೇಲಿದ್ದಾಗಲೇ ಅಂಗಳದಲ್ಲಿ ಬ್ರೇಕರ್ ಧಡ್ ಎಂದಿತು.

"ತಗದ್ರು! ತಗದ್ರು! ಸಾಹೇಬ್ರ, ನಿಮ್ಮೆದುರಿಗೇ ತಗದ್ರು!" ಸಾವ್ಕಾರರು ಕಾಯಿಯ ಹೋಳು ಮೇಲೆತ್ತಿ ಕೂಗಿದರು.

"ಕೈ ಅಲ್ಲೇ ಐತಿ ನೋಡ್ರಿ ಇನ್ನೂ!" ಎಂದ ಕಿಟಕಿಯಲ್ಲಿದ್ದ ಒಬ್ಬ.

"ಸರ, ಇದು ರಿಲೇರಿ... ಗಿರಣ್ಯಾಗ ಅವರು ಮತ್ತ..." ಮಧ್ವೇಶ ಕೈ ಕಿತ್ತುಕೊಂಡ. ಗಂಟೆಯ ಸದ್ದಿನಲ್ಲಿ ಮಾತು ಕೇಳಿಸಲಿಲ್ಲ. ಗಂಟೆ ನಿಲ್ಲಿಸಬೇಕೆಂದು ಕೈ ಚಾಚಿದ. ಅಡಿವೆವ್ವ ಚೀರಿದಳು: "ಯವ್ವಾ, ಮತ್ತೇನೋ ತಗ್ಯಾಕ ಹೊಂಟ! ಹಿಡೀರಿ ಅವನ ಕೈಯ!"

ಇಬ್ಬರು ಒಳಗೆ ನುಗ್ಗಿ ಹಿಡಿದೇಬಿಟ್ಟರು. ಗಂಟೆಯನ್ನು ಗುತ್ತಲ ಸಾಹೇಬರು ಖುದ್ದು ನಿಲ್ಲಿಸಬೇಕಾಯಿತು.

ಜನ ಹೋದ ಮೇಲೆ ಸಾಹೇಬರು ನೆಲದ ಮೇಲಿದ್ದ ಕಾಯಿಯ ಚಿಪ್ಪಿನ ಚೂರನ್ನು ಬೂಟಿನಿಂದ ಪ್ಯಾನೆಲಿನ ಕೆಳಗೆ ಸರಿಸಿದರು.

"ಸಸ್ಪೆಂಡ್ ಮಾಡೂದಿಲ್ಲ ಬಿಡ್ರಿ ಕಟಗೇರಿ. ನಿಮ್ಮ ತಪ್ಪಿಲ್ಲ ಅಂತ ನನಗ ಗೊತ್ತೈತಿ. ಆದ್ರ ಈ ಕಾಯಿ ಸುದ್ದಿ ವರದಿಯೊಳಗ ಬರಬಾರದು. ನಾ ಇಲ್ಲೇ ಇದ್ದೆ."

"ಅಷ್ಟು ಮಂದಿ ನೋಡ್ಯಾರಲ್ರೀ ಸರ, ಕಾಯಿ ಒಡದದ್ದು?"

"ಅವರು ಕಾಯಿ ನೋಡಿಲ್ಲ" ಎಂದರು ಗುತ್ತಲ ಸಾಹೇಬರು, ಜೀಪು ಹತ್ತುತ್ತ. "ಅವರು ನಿಮ್ಮ ಕೈ ನೋಡ್ಯಾರ."

ಮಾರ್ಚ್ ಕೊನೆಗೆ ಮಧ್ವೇಶ ಕಟಗೇರಿಗೆ ಸವಣೂರಿಗೆ ವರ್ಗವಾಯಿತು. ಆದೇಶದಲ್ಲಿ ಕಾರಣ ಬರೆದಿರಲಿಲ್ಲ. ಅವನು ಸಾಮಾನು ಕಟ್ಟಿಕೊಂಡು ಹಾವೇರಿ ಬಸ್ಸು ಹತ್ತಿದ ವಾರವೇ, ಸಾಹೇಬರ ಸೂಚನೆ ಕಾಗದದ ಮೇಲೆ ಬಂದು ಮುಟ್ಟಿದ್ದರಿಂದ, ಕರೀಮಸಾಬ ಗಿರಣಿಯ ಯಂತ್ರಗಳನ್ನು ಒಂದಾದ ಮೇಲೊಂದರಂತೆ ಹಚ್ಚತೊಡಗಿದ. ಆ ಹಂಗಾಮು ಮುಗಿಯುವವರೆಗೆ ಮಾಸೂರು ಫೀಡರ್ ಒಮ್ಮೆಯೂ ಟ್ರಿಪ್ ಆಗಲಿಲ್ಲ.